ಕಿವಿಗೆ ಡಬ್ಬಿ ಇರಲಿಲ್ಲ

ಭಾನುವಾರ, ಹದಿನಾಲ್ಕನೇ ತಾರೀಕು

ಇಂಜಿನಿಯರಮ್ಮನವರಿಗೆ,

ಹಾಗೆ ಕರೆಯುವ ಸಲಿಗೆ ಇನ್ನೂ ಉಳಿದಿದೆಯೋ ಇಲ್ಲವೋ ತಿಳಿಯದು. ಬೇರೆ ಹೇಗೆ ಶುರು ಮಾಡಬೇಕೆಂದು ತೋಚಲಿಲ್ಲ. 'ನಾವಿಬ್ಬರೂ ಚೆನ್ನಾಗಿದ್ದೇವೆ' ಎಂದು ಬರೆಯಬೇಕಿತ್ತು. ವಾರವಾರ ಫೋನಿನಲ್ಲಿ ಅದನ್ನೇ ಹೇಳಿ ನನ್ನ ನಾಲಿಗೆ ಪಳಗಿಬಿಟ್ಟಿದೆ. ಕೈ ಇನ್ನೂ ಪಳಗಿಲ್ಲ, ಬರೆಯಲು ಹೋದರೆ ತಡೆಯುತ್ತದೆ. ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳು ಹೇಳುತ್ತೇನೆ ಎಂಬ ಭಯ.

ಗಾಬರಿಯಾಗಬೇಡ. ಚೂಟಿ ಈಗ ಹುಷಾರಾಗಿದ್ದಾಳೆ. ಕೆಳಗೆ ಟೈಲರ್ ಅಕ್ಕನ ಅಂಗಡಿಯಲ್ಲಿ ಕೂತು ಬಟ್ಟೆ ಚೂರುಗಳನ್ನು ಸೇರಿಸಿ ಏನೋ ಮಾಡುತ್ತಿದ್ದಾಳೆ. ಅದು ಆನೆಯೋ ಬಸ್ಸೋ ಎಂದು ಅಕ್ಕ ಕೇಳುವುದು, ಇವಳು ಕೋಪಿಸಿಕೊಳ್ಳುವುದು ಎಲ್ಲ ಇಲ್ಲಿಗೆ ಕೇಳಿಸುತ್ತಿದೆ. 'ಈಗ ಹುಷಾರಾಗಿದ್ದಾಳೆ' ಎಂದರೆ ಮೊದಲು ಇರಲಿಲ್ಲ ಎಂದು ನೀನು ಆಗಲೇ ಲೆಕ್ಕ ಹಾಕಿರುತ್ತೀಯ. ಇರಲಿಲ್ಲ. ಅವಳ ಬಲಗಿವಿಯೊಳಗೆ ಕೀವು ತುಂಬಿ, ಕಿವಿಯ ತಮಟೆ ಒಡೆದು ತೂತಾಗಿತ್ತು. ಕಿವಿ ಪರೀಕ್ಷೆ ಮಾಡುವುದನ್ನೇ ಓದುತ್ತಿರುವ ಅವಳ ಅಪ್ಪನಿಗೆ ಅದು ವಾರಗಟ್ಟಲೆ ಗೊತ್ತಾಗಲಿಲ್ಲ.

ಬರೆದುಬಿಟ್ಟೆ. ಇನ್ನು ಉಳಿದದ್ದನ್ನು ಮೊದಲಿನಿಂದ ಹೇಳುತ್ತೇನೆ. ಓದುತ್ತ ಓದುತ್ತ ನಿನಗೆ ಈ ಕಾಗದ ಹರಿಯಬೇಕೆನಿಸಿದರೆ, ಕೊನೆಯವರೆಗೆ ಓದಿ ಆಮೇಲೆ ಹರಿ.

ನೀನು ಹೊರಟ ಮೇಲೆ ನಾವು ಮೂವರೂ ಇದ್ದ ಆ ಮನೆಯ ಬಾಡಿಗೆ ನನ್ನ ಕೈಗೆ ಎಟುಕುವಂತಿರಲಿಲ್ಲ. ಅದಕ್ಕೇ ಟೈಲರ್ ಅಂಗಡಿಯ ಮೇಲಿನ ಈ ಒಂಟಿ ಕೋಣೆಗೆ ಬಂದೆವು. ಬೆಳಿಗ್ಗೆಯಿಂದ ಸಂಜೆಯವರೆಗೆ ನೆಲದಡಿಯಿಂದ ಹೊಲಿಗೆ ಯಂತ್ರಗಳ ಸದ್ದು ಬರುತ್ತಲೇ ಇರುತ್ತದೆ. ಕಾಲೇಜು ಕೊಡುವ ವಿದ್ಯಾರ್ಥಿವೇತನ ಬಾಡಿಗೆಗೆ ಸರಿಹೋಗುತ್ತದೆ. ಉಳಿದದ್ದಕ್ಕೆ ಸಂಜೆ ಒಂದು ಮೆಡಿಕಲ್ ಅಂಗಡಿಯಲ್ಲಿ ಕೌಂಟರಿನ ಕೆಲಸ ಹಿಡಿದೆ. ಇದನ್ನು ನಿನಗೆ ಹೇಳಿದ್ದೇನೆ. ಚೂಟಿಯನ್ನು ಎಲ್ಲಿ ಬಿಡುತ್ತಿದ್ದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. 'ಅಕ್ಕ ನೋಡ್ಕೋತಾರೆ' ಅಂದಿದ್ದೆ. ಅಕ್ಕನೂ ಆ ಹೊತ್ತಿಗೆ ಅಂಗಡಿಗೆ ಬೀಗ ಹಾಕಿ ತನ್ನ ಮನೆಗೆ ಹೋಗುತ್ತಾರೆ. ಚೂಟಿ ನನ್ನ ಜೊತೆಗೇ ಇರುತ್ತಿದ್ದಳು. ಕೌಂಟರಿನ ಹಿಂದೆ, ಔಷಧಿ ಬಂದ ರಟ್ಟಿನ ಪೆಟ್ಟಿಗೆಗಳ ನಡುವೆ ಒಂದು ಸ್ಟೂಲು ಹಾಕಿ ಕೂರಿಸುತ್ತಿದ್ದೆ. ಅಲ್ಲೇ ಹೋಂವರ್ಕು, ಅಲ್ಲೇ ಬ್ರೆಡ್ಡು, ಎಷ್ಟೋ ಸಲ ಅಲ್ಲೇ ನಿದ್ದೆ.

ಅಂಗಡಿಯ ಯಜಮಾನರು ಬಾಯಿ ಜೋರಿನ ಮನುಷ್ಯ, ಮನಸ್ಸು ಒಳ್ಳೆಯದು. 'ಸಂಬಳ ಒಬ್ಬರಿಗೆ, ಕೆಲಸಕ್ಕೆ ಇಬ್ಬರು. ನನಗೇ ಲಾಭ' ಎಂದು ಇವಳನ್ನು ನಗಿಸುತ್ತಿದ್ದರು. ಅವಳು ಎಲ್ಲರೊಡನೆ ಮಾತಾಡುತ್ತಿದ್ದಳು. ಜನರು ಚೀಟಿ ತಂದು ಕೊಡುವುದು, ನಾನು ಎಲ್ಲ ತೆಗೆದಿಟ್ಟು ಮೊತ್ತ ಹೇಳುವುದು, ಅವರು ಕೈಯಲ್ಲಿದ್ದ ನೋಟು ಎಣಿಸಿ 'ಇದೊಂದು ಬೇಡ ಬಿಡಿ', 'ಸದ್ಯಕ್ಕೆ ಎರಡೇ ಮಾತ್ರೆ ಕೊಡಿ' ಅನ್ನುವುದು, ಇದೆಲ್ಲ ಅವಳ ಕಣ್ಣೆದುರಿಗೇ ನಡೆಯುತ್ತಿತ್ತು. ಮಗು ಪುಸ್ತಕ ನೋಡುತ್ತಿದೆ ಎಂದುಕೊಂಡಿದ್ದೆ. ಅವಳು ನೋಡುತ್ತಿದ್ದದ್ದು ಜನರನ್ನು.

ಮನೆಯ ಖರ್ಚಿಗೆ ನಾನೊಂದು ಉಪಾಯ ಮಾಡಿದ್ದೆ. ಅಂಗಡಿಯಿಂದ ಹಾಲಿನ ಪುಡಿಯ ಖಾಲಿ ಡಬ್ಬಿಗಳನ್ನು ತಂದು, ಬಾಡಿಗೆಗೊಂದು, ಅಡುಗೆಗೊಂದು, ಸ್ಕೂಲಿಗೊಂದು, ಬಸ್ಸಿಗೊಂದು ಎಂದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮೇಲೆ ಅಂಟಿಸಿದ ಚಿತ್ರಗಳು ಚೂಟಿಯವು. ಕೊನೆಯದು ಖುಷಿಯ ಡಬ್ಬಿ, ಶನಿವಾರದ ಐಸ್‌ಕ್ರೀಮಿನದು. ತಿಂಗಳ ಮೊದಲಲ್ಲಿ ದುಡ್ಡು ಹಂಚುವುದು ಅವಳ ಕೆಲಸ. ಅವಳು ಮ್ಯಾನೇಜರು, ನಾನು ಗುಮಾಸ್ತ. ಒಂದು ಡಬ್ಬಿ ಖಾಲಿಯಾದರೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ ಎಂಬುದು ಕಾನೂನು. ನಾನು ಹಾಕಲು ಹೋದರೆ 'ಅಪ್ಪಾ, ಕಾನೂನು!' ಎಂದು ಕೂಗುತ್ತಿದ್ದಳು. ನಮ್ಮ ತರಗತಿಯ ಹುಡುಗರು, ನನ್ನನ್ನು ಅಂಕಲ್ ಎಂದೇ ಕರೆಯುವವರು, ಒಮ್ಮೆ ಮನೆಗೆ ಬಂದಿದ್ದಾಗ ಇದನ್ನು ನೋಡಿ ಫೋಟೋ ಹಿಡಿದುಕೊಂಡು ಹೋದರು. ನನಗೆ ಹೆಮ್ಮೆಯೋ ಹೆಮ್ಮೆ. ಆರು ವರ್ಷದ ಮಗುವಿಗೆ ದುಡ್ಡಿನ ಬೆಲೆ ಕಲಿಸಿದ ಅಪ್ಪ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕಾಯಿಲೆ ಕಸಾಲೆಗೆ ಒಂದು ಡಬ್ಬಿ ಇಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಅದರೊಳಗೆ ಹಾಕಲು ಏನೂ ಇರುತ್ತಿರಲಿಲ್ಲ.

ಇರುತ್ತಿತ್ತು. ನೀನು ಕಳಿಸುತ್ತಿದ್ದೆಯಲ್ಲ, ಅದು. ನಿನ್ನ ಸಂಬಳವಾದ ದಿನವೇ ನನ್ನ ಖಾತೆಗೆ ಬಂದು ಬೀಳುತ್ತಿದ್ದ ದುಡ್ಡನ್ನು ನಾನು ಅವತ್ತೇ, ಊಟಕ್ಕೂ ಮೊದಲು, ಹಿಂದಕ್ಕೆ ಕಳಿಸುತ್ತಿದ್ದೆ. ಕಳಿಸಿದ ಮೇಲೆ ಎದೆ ಉಬ್ಬುತ್ತಿತ್ತು. ನಿನ್ನನ್ನು ಗೆದ್ದೆ ಅನ್ನಿಸುತ್ತಿತ್ತು. ಯಾವ ಆಟದಲ್ಲಿ ಗೆದ್ದೆನೋ.

ನಿನಗೆ ನೆನಪಿದೆಯಲ್ಲ, ನಿನ್ನ ಆಫೀಸಿನವರ ಕೂಟದಲ್ಲಿ ಯಾರೋ ನಿನ್ನನ್ನು 'ನಿಮ್ಮೆಜಮಾನರು ಏನ್ಮಾಡ್ತಾರೆ?' ಎಂದು ಕೇಳಿದ್ದು. 'ಓದ್ತಿದಾನೆ, ಮಗಳ ಜೊತೆ. ಇಬ್ರಿಗೂ ನಾನೇ ಹೋಂವರ್ಕ್ ಮಾಡಿಸ್ಬೇಕು' ಅಂದೆ. ಎಲ್ಲರೂ ನಕ್ಕರು, ನೀನೂ ನಕ್ಕೆ. ಅದು ಸಲಿಗೆಯ ಮಾತು, ಪ್ರೀತಿಯ ಮಾತು. ನಾನು ಕೊರಿಯರ್ ಆಫೀಸಿನ ಕೆಲಸ ಬಿಟ್ಟು ಓದುತ್ತೇನೆ ಎಂದಾಗ 'ಓದು, ಮನೆ ಖರ್ಚು ನನಗಿರಲಿ' ಎಂದು ಒಂದೇ ಮಾತಿನಲ್ಲಿ ಒಪ್ಪಿದವಳು ನೀನು. ಅಂಥವಳ ಒಂದು ತಮಾಷೆಯನ್ನು ನಾನು ಹೊಟ್ಟೆಯೊಳಗಿಟ್ಟುಕೊಂಡು ತಿಂಗಳುಗಟ್ಟಲೆ ಕುದಿಸಿದೆ. ಮಾತಿಗೆ ಮಾತು ಬೆಳೆಸಿದೆ. ನಿನಗೆ ಆ ದೂರದ ನದಿಯ ಸೇತುವೆಯ ಕೆಲಸ ಬಂದಾಗ, ಅಲ್ಲಿ ಸ್ಕೂಲಿಲ್ಲ, ಮಗುವನ್ನು ಏನು ಮಾಡೋಣ ಎಂದು ನೀನು ಕೇಳಿದಾಗ, ನಾನು ಅಂದದ್ದು: 'ಹೋಗು. ನಿನ್ನ ಸಂಬಳಾನೂ ಕಟ್ಕೊಂಡು ಹೋಗು. ನನ್ನ ಮಗಳನ್ನ ನಾನು ಸಾಕ್ತೀನಿ. ನಿನ್ನ ಬಿಡಿಗಾಸೂ ನಂಗೆ ಬೇಡ.' ನೀನು ಹೋದೆ. ಮಗಳನ್ನು ಸಾಕುವುದು ಹೇಗೆ ಎಂದು ತೋರಿಸುತ್ತೇನೆ ಎಂಬ ಹಟ ನನ್ನಲ್ಲಿ ಉಳಿಯಿತು. ಆ ಹಟಕ್ಕೆ ಬಾಡಿಗೆ ಕಟ್ಟಿದ್ದು ಚೂಟಿ.

ಮೊದಲು ಅವಳಿಗೆ ನೆಗಡಿಯಾಯಿತು. ಸ್ಕೂಲಿನಲ್ಲಿ ಎಲ್ಲರಿಗೂ ಆಗಿತ್ತು, ಇವಳಿಗೂ ಆಯಿತು. ನಾನು ಬಿಸಿ ನೀರು ಕುಡಿಸಿ ಮಲಗಿಸಿದೆ, ನಾಲ್ಕು ದಿನಕ್ಕೆ ಮೂಗು ಸರಿಹೋಯಿತು. ಆ ಶನಿವಾರ ಐಸ್‌ಕ್ರೀಮ್ ಬೇಡ ಅಂದಳು. 'ಯಾಕೆ?' ಅಂದೆ. 'ಸುಮ್ನೆ. ಉಳಿಸೋಣ' ಅಂದಳು. ನಾನು ಅವಳ ತಲೆ ಸವರಿ, ಜಾಣೆ ಎಂದು ಮೆಚ್ಚಿಕೊಂಡೆ. ನನ್ನ ಬೆರಳು ಕಿವಿಯ ಹತ್ತಿರ ಹೋದಾಗ ಅವಳು ತಲೆ ಹಿಂದಕ್ಕೆ ಎಳೆದುಕೊಂಡಿದ್ದು ನನಗೆ ಈಗ ಚೆನ್ನಾಗಿ ನೆನಪಾಗುತ್ತದೆ. ಆಗ ನೋಡಿಯೂ ನೋಡಿರಲಿಲ್ಲ.

ಆಮೇಲೆ ಅವಳು ಕೂದಲು ಬಿಟ್ಟುಕೊಂಡು ಹೋಗುತ್ತೇನೆ ಎಂದು ಶುರು ಮಾಡಿದಳು. ಎರಡು ಜಡೆ ಹಾಕುವ ಕಷ್ಟ ತಪ್ಪಿತು ಎಂದು ನನಗೆ ಖುಷಿಯೇ ಆಯಿತು. ಆ ಕೂದಲ ಮರೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡಿದ್ದಳು. ಹತ್ತಿ ಎಲ್ಲಿಂದ ಬಂತು ಎಂದು ಕೇಳಬೇಡ. ಮೆಡಿಕಲ್ ಅಂಗಡಿಯಲ್ಲಿ ಹತ್ತಿಗೇನು ಬರ? ಒಡೆದ ಪೊಟ್ಟಣದ್ದು ಮೂಲೆಯಲ್ಲಿ ಬಿದ್ದಿತ್ತಂತೆ. 'ಅದು ಬಿಸಾಕೋ ಹತ್ತಿ ಅಪ್ಪ, ದುಡ್ಡಿಂದಲ್ಲ' ಎಂದು ಆಮೇಲೆ ನನಗೆ ಸಮಜಾಯಿಷಿ ಕೊಟ್ಟಳು.

ಸ್ಕೂಲಿನ ಟೀಚರ್ ಕರೆಸಿದರು. 'ಇತ್ತೀಚೆಗೆ ಕರೆದ್ರೆ ತಿರುಗಿನೂ ನೋಡಲ್ಲ. ಮೊದಲು ಹೀಗಿರ್ಲಿಲ್ಲ. ಮನೇಲಿ ಏನಾದ್ರೂ...?' ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಅರ್ಧ ಮಾತು ನನಗೆ ಚುಚ್ಚಿತು. ಅಮ್ಮ ಇಲ್ಲದ ಮನೆ, ಅದಕ್ಕೇ ಮಗು ಹೀಗೆ ಎನ್ನುತ್ತಿದ್ದಾರೆ ಎಂದುಕೊಂಡೆ. 'ಹಟ ಜಾಸ್ತಿಯಾಗಿದೆ, ನಾನು ಹೇಳ್ತೀನಿ' ಎಂದು ಅವರೆದುರಿಗೆ ನಗುತ್ತ ಹೇಳಿ ಹೊರಗೆ ಬಂದೆ. ಬಸ್ಸಿನಲ್ಲಿ ಅವಳು ನನ್ನ ಎಡಕ್ಕೆ, ಕಿಟಕಿಯ ಪಕ್ಕ ಕೂತಿದ್ದಳು. ಏನೋ ಕೇಳಿದೆ, ಉತ್ತರವಿಲ್ಲ. ಮತ್ತೆ ಕೇಳಿದೆ. ಇಲ್ಲ. ಇಡೀ ಬಸ್ಸು ತಿರುಗಿ ನೋಡುವ ಹಾಗೆ ಕೂಗಿದೆ: 'ಏಯ್, ಕಿವಿ ಕೇಳಲ್ವಾ ನಿಂಗೆ?'

ಆ ಮಾತನ್ನು ಜಗತ್ತಿನ ಯಾವ ಅಪ್ಪ ಬೇಕಾದರೂ ಅನ್ನಬಹುದು. ಹಗಲೆಲ್ಲ ಊರವರ ಕಿವಿಯೊಳಗೆ ದೀಪ ಹಾಕಿ ನೋಡುವ ನಾನು ಅನ್ನಬಾರದಿತ್ತು. ಅವಳು ತಿರುಗಿ ನನ್ನ ಮುಖ ನೋಡಿ, 'ಕೇಳತ್ತೆ ಅಪ್ಪ. ಸಾರಿ' ಅಂದಳು.

ಇದಾದ ಕೆಲವೇ ದಿನಕ್ಕೆ ನಿನ್ನ ದುಡ್ಡು ಬಂತು. ಯಾವತ್ತಿನಂತೆ ವಾಪಸು ಕಳಿಸಿದೆ. ಮಾರನೆಯ ಬೆಳಿಗ್ಗೆ ಬಟ್ಟೆ ಒಗೆಯಲು ಕೂತಾಗ ಅವಳ ದಿಂಬಿನ ಚೀಲ ಕೈಗೆ ಬಂತು. ಒಂದು ಮೂಲೆಯಲ್ಲಿ ಹಳದಿ ಕಲೆ, ಗಟ್ಟಿಯಾಗಿತ್ತು. ಮೂಗಿಗೆ ಹಿಡಿದೆ. ಆ ವಾಸನೆ ನನಗೆ ಗೊತ್ತು. ನಮ್ಮ ಹೊರರೋಗಿ ವಿಭಾಗದ ವಾಸನೆ ಅದು. ಕಿವಿ ಸೋರುವ ಮಕ್ಕಳ ವಾಸನೆ. ಒದ್ದೆ ಕೈಯಲ್ಲೇ ಓಡಿ ಹೋಗಿ ಅವಳ ಕೂದಲು ಸರಿಸಿದೆ. ಅವಳು ಎರಡು ಕೈಯಿಂದ ಕಿವಿ ಮುಚ್ಚಿಕೊಂಡು, 'ಏನಿಲ್ಲ ಅಪ್ಪ, ವಾಸಿಯಾಗಿದೆ. ಮೊದ್ಲು ತುಂಬಾ ನೋಯ್ತಿತ್ತು, ಆಮೇಲೆ ಟಪ್ ಅಂತು, ಈಗ ನೋವಿಲ್ಲ' ಅಂದಳು. ಟಪ್ ಅಂದದ್ದು ಏನು ಎಂದು ನನಗೆ ತಿಳಿಯಿತು. ತಮಟೆ ಒಡೆದರೆ ನೋವು ಇಳಿಯುತ್ತದೆ. ಅದನ್ನು ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದುಕೊಂಡಿದ್ದೇನೆ. ಅದು ಒಡೆಯುವವರೆಗೆ ಆ ಮಗು ಎಷ್ಟು ರಾತ್ರಿ ಬಾಯಿ ಬಿಡದೆ ನನ್ನ ಪಕ್ಕದಲ್ಲೇ ಮಲಗಿತ್ತೋ, ಅದು ಯಾವ ಪುಸ್ತಕದಲ್ಲೂ ಇಲ್ಲ.

ಕಿವಿ ಡಾಕ್ಟರು ನೋಡಿ ಕೀವು ತೆಗೆದು ಔಷಧಿ ಬರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಡುಗೆಯ ಡಬ್ಬಿಯಲ್ಲಿದ್ದದ್ದು ಅವರ ಫೀಸಿಗೇ ಮುಗಿಯಿತು. ಔಷಧಿಯ ಚೀಟಿ ಹಿಡಿದು ನಮ್ಮ ಯಜಮಾನರ ಮುಂದೆ ನಿಂತೆ. ಕೌಂಟರಿನ ಹೊರಗಡೆ ನಿಂತದ್ದು ಅದೇ ಮೊದಲು. ಅವರು ಚೀಟಿ ನೋಡಿದರು, ಮಗುವನ್ನು ನೋಡಿದರು. 'ಅಲ್ಲಪ್ಪ, ಔಷಧಿ ಅಂಗಡೀಲಿ ನಿಂತು ದುಡಿಯೋನು ಮಗೂಗೆ ಔಷಧಿ ಇಲ್ಲ ಅಂತ ಬರ್ತೀಯಲ್ಲ! ತಗೊಂಡು ಹೋಗು, ಸಂಬಳದಲ್ಲಿ ಮುರ್ಕೋತೀನಿ' ಅಂದರು. ಎಲ್ಲ ಕಟ್ಟಿ ಕೊಟ್ಟ ಮೇಲೆ ದನಿ ತಗ್ಗಿಸಿ 'ತಾಯಿಗೆ ಹೇಳಿದ್ಯಾ?' ಎಂದು ಕೇಳಿದರು. ಹೇಳಿದ್ದೇನೆ ಅಂದೆ. ಚೂಟಿ ನನ್ನ ಮುಖ ನೋಡಿದಳು. ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಅವಳು ನನ್ನನ್ನು ಬಿಟ್ಟುಕೊಡಲಿಲ್ಲ.

ಕೀವು ನಿಂತ ಮೇಲೆ ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷೆ ಮಾಡಿಸಬೇಕಿತ್ತು. ನಮ್ಮ ಕಾಲೇಜಿನಲ್ಲೇ, ನಮ್ಮ ಮೇಡಂ ಮಾಡಿದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನನಗೆ ಪಾಠ ಹೇಳುವವರು ಎಂದು ನಿನಗೆ ಮೊದಲೇ ಹೇಳಿದ್ದೆನಲ್ಲ, ಅವರು. ಚಿಕ್ಕ ಮಕ್ಕಳಿಗೆ ಪರೀಕ್ಷೆಯನ್ನು ಆಟದ ಹಾಗೆ ಮಾಡುತ್ತೇವೆ. ಹೊರಗಿನ ಸದ್ದು ನುಗ್ಗದ ಪುಟ್ಟ ಕೋಣೆ. ಒಳಗೆ ಮಗು, ತಲೆಗೆ ಹೆಡ್‌ಫೋನು, ಕೈಯಲ್ಲಿ ಬಣ್ಣದ ಮರದ ಬಿಲ್ಲೆಗಳು, ಮುಂದೆ ಬುಟ್ಟಿ. 'ಪೀಂ' ಎಂದು ಕೇಳಿದಾಗೆಲ್ಲ ಒಂದು ಬಿಲ್ಲೆ ಬುಟ್ಟಿಗೆ. ಗಾಜಿನ ಈಚೆ ಮೇಡಂ ಯಂತ್ರದ ಗುಂಡಿ ಒತ್ತುತ್ತ ಕೂತಿದ್ದರು. ಅವರ ಹಿಂದೆ ನಾನು.

ಚೂಟಿ ಸರಸರ ಬಿಲ್ಲೆ ಹಾಕಿದಳು. ಎಡಗಿವಿಗೂ ಹಾಕಿದಳು, ಬಲಗಿವಿಗೂ ಹಾಕಿದಳು. ತೀರಾ ಸಣ್ಣ ಸದ್ದಿಗೂ ಹಾಕಿದಳು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೇಡಂ ಮಾತ್ರ ಗುಂಡಿಯ ಮೇಲಿನಿಂದ ಕೈ ತೆಗೆದು ಸ್ವಲ್ಪ ಯೋಚಿಸಿದರು. ಆಮೇಲೆ ಸದ್ದನ್ನೇ ಕೊಡದೆ, ಕೊಟ್ಟವರಂತೆ ಕೈ ಮಾತ್ರ ಆಡಿಸಿದರು. ಚೂಟಿ ಬಿಲ್ಲೆ ಹಾಕಿದಳು. ಮತ್ತೊಮ್ಮೆ ಹಾಗೇ ಮಾಡಿದರು. ಮತ್ತೆ ಹಾಕಿದಳು. ಮೇಡಂ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: 'ಅವಳು ಕೇಳ್ತಾ ಇಲ್ಲ. ನಿಮ್ಮ ಮುಖ ಓದ್ತಿದಾಳೆ. ನಾನು ಗುಂಡಿ ಒತ್ತಿದಾಗೆಲ್ಲ ನಿಮ್ಮ ಹುಬ್ಬು ಮೇಲೆ ಹೋಗ್ತಿದೆ. ಸ್ವಲ್ಪ ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ.'

ನಾನು ಗೋಡೆಗೆ ಮುಖ ಮಾಡಿ ನಿಂತೆ. ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸುತ್ತಾರಲ್ಲ, ಹಾಗೆ. ಒಳಗಿನ ಮೈಕಿನಿಂದ ಬಿಲ್ಲೆ ಬೀಳುವ ಸದ್ದು ಕೇಳಿಸುತ್ತಿತ್ತು. ಎಡಗಿವಿಗೆ ಟಕ್, ಟಕ್, ಟಕ್. ಆಮೇಲೆ ಬಲಗಿವಿ. ಕಾದೆ. ಏನೂ ಬೀಳಲಿಲ್ಲ. ಗೋಡೆಯ ಮೇಲೆ ಯಾವುದೋ ಹಳೆಯ ನೋಟೀಸು ಇತ್ತು, ಅದರ ಅಕ್ಷರಗಳನ್ನು ಎಣಿಸುತ್ತ ಕಾದೆ. ಬಹಳ ಹೊತ್ತಿನ ಮೇಲೆ, ಸದ್ದು ಚೆನ್ನಾಗಿ ಜೋರಾದ ಮೇಲೆ, ಒಂದೇ ಒಂದು ಟಕ್.

ಪರೀಕ್ಷೆ ಮುಗಿದ ಮೇಲೆ ಮೇಡಂ ನನ್ನನ್ನು ಹೊರಗೆ ಕಳಿಸಿ ಅವಳೊಡನೆ ಏನೋ ಮಾತಾಡುತ್ತ ಕೂತರು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಹೊರಗೆ ಬಂದ ಚೂಟಿ ಮೊದಲು ಕೇಳಿದ್ದು: 'ಫೇಲಾದ್ನಾ ಅಪ್ಪ? ದುಡ್ಡು ಜಾಸ್ತಿ ಆಗತ್ತಾ?'

ಮನೆಗೆ ಬಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಡಗಿವಿಯ ಹತ್ತಿರ ಬಾಯಿಟ್ಟು, ಯಾಕಮ್ಮಾ ಹೇಳಲಿಲ್ಲ ಎಂದು ಕೇಳಿದೆ. ಅವಳು ಕಿಟಕಿಯ ಕಡೆ ಬೆರಳು ತೋರಿಸಿದಳು. 'ಕಿವಿಗೆ ಡಬ್ಬಿ ಇಲ್ವಲ್ಲ ಅಪ್ಪ' ಅಂದಳು. 'ಬೇರೆ ಡಬ್ಬಿಗೆ ಕೈ ಹಾಕ್ಬಾರ್ದಲ್ಲ. ಅಂಗಡೀಲಿ ದೊಡ್ಡೋರೂ ಔಷಧಿ ಬೇಡ ಅಂತ ವಾಪಸ್ ಕೊಡ್ತಾರಲ್ಲ. ಅವರೇನು ಸತ್ತೋಗ್ತಾರಾ?'

ನಾನು ಅತ್ತೆ. ಅವಳು ಎದ್ದು ಹೋಗಿ ಖುಷಿಯ ಡಬ್ಬಿಯಿಂದ ದುಡ್ಡು ತಂದು ನನ್ನ ಅಂಗೈಗೆ ಹಾಕಿ, 'ಕಾನೂನು ಇವತ್ತು ಇಲ್ಲ' ಅಂದಳು. ಆ ಡಬ್ಬಿಗಳನ್ನೆಲ್ಲ ಮಾರನೆಯ ದಿನವೇ ರದ್ದಿಯವನಿಗೆ ಹಾಕಿದೆ. ಈಗ ಸಂಬಳ ನನ್ನ ಜೇಬಿನಲ್ಲಿರುತ್ತದೆ, ಲೆಕ್ಕ ನನ್ನ ತಲೆಯಲ್ಲಿರುತ್ತದೆ. ಅವಳು ಏನು ಕೇಳಿದರೂ ಮೊದಲು 'ಹೂಂ' ಅನ್ನುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ಕಷ್ಟ ಏನೆಂದರೆ, ಅವಳು ಏನನ್ನೂ ಕೇಳುವುದಿಲ್ಲ. ಕೇಳುವುದನ್ನು ಮರೆತ ಮಗುವಿಗೆ ಮತ್ತೆ ಹಟ ಕಲಿಸುವುದು ಹೇಗೆ ಎಂದು ಯಾರಾದರೂ ಹೇಳಿಕೊಟ್ಟರೆ ಅವರ ಕಾಲಿಗೆ ಬೀಳುತ್ತೇನೆ.

ಈ ನಡುವೆಯೂ ಭಾನುವಾರ ಬರುತ್ತಿತ್ತು, ನಿನ್ನ ಫೋನು ಬರುತ್ತಿತ್ತು. 'ಯಾಕೋ ಮಾತುಮಾತಿಗೂ ಏನು, ಏನು ಅಂತಾಳಲ್ಲ' ಎಂದು ನೀನು ಒಮ್ಮೆ ಕೇಳಿದೆ. ನೂರಾರು ಮೈಲಿ ದೂರದಿಂದ, ಆ ಸೈಟಿನ ಗದ್ದಲದ ನಡುವೆ ನಿನಗೆ ಗೊತ್ತಾಯಿತು. ನಾನು 'ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ' ಅಂದೆ. ಅಂದದ್ದು ಪರೀಕ್ಷೆಯಾದ ಮೇಲಿನ ಭಾನುವಾರ. ಎಲ್ಲ ತಿಳಿದೇ ಅಂದೆ. ನಿನಗೆ ಗೊತ್ತಾದರೆ ಮಗುವನ್ನು ಕರೆದುಕೊಂಡು ಹೋಗಿಬಿಡುತ್ತೀಯ ಎಂಬ ಹೆದರಿಕೆ. ಅದಕ್ಕಿಂತ ದೊಡ್ಡದು, ನೀನು 'ನೋಡಿದ್ಯಾ?' ಅನ್ನುತ್ತೀಯ ಎಂಬ ಹೆದರಿಕೆ.

ಮುಂದಿನ ತಿಂಗಳು ನೀನು ಕಳಿಸಿದ ದುಡ್ಡನ್ನು ನಾನು ವಾಪಸು ಮಾಡಲಿಲ್ಲ. ಯಜಮಾನರ ಸಾಲ ತೀರಿಸಿದೆ, ಡಾಕ್ಟರ ಎರಡನೇ ಭೇಟಿಗೆ ಕಟ್ಟಿದೆ, ಉಳಿದದ್ದರಲ್ಲಿ ಹಾಲು, ಮೊಟ್ಟೆ, ಹಣ್ಣು ತಂದೆ. ವಾಪಸು ಬಾರದಿದ್ದದ್ದನ್ನು ನೋಡಿ ನೀನು ನನಗೊಂದು ಮೆಸೇಜು ಹಾಕಿದ್ದೆ: 'ಥ್ಯಾಂಕ್ಸ್.' ದುಡ್ಡು ಕೊಟ್ಟವಳು ನೀನು, ಥ್ಯಾಂಕ್ಸ್ ಹೇಳಿದವಳೂ ನೀನು. ನಾನು ಮೆತ್ತಗಾಗಿದ್ದೇನೆ ಎಂದು ನೀನು ತಿಳಿದಿರಬೇಕು. ಆ ಒಂದು ಪದ ನೋಡಿದ ಮೇಲೆ ನಾನು ಸರಿಯಾಗಿ ಮಲಗಿಲ್ಲ.

ಕೋರ್ಸು ಬಿಟ್ಟುಬಿಡುವುದೇ ಸರಿ ಎಂದು ತೀರ್ಮಾನಿಸಿದೆ. ಹಳೆಯ ಕೊರಿಯರ್ ಆಫೀಸಿನಲ್ಲಿ ವಿಚಾರಿಸಿದೆ, ಬಾ ಅಂದರು. ಕಳೆದ ವಾರ ಅರ್ಜಿ ಬರೆದುಕೊಂಡು ಮೇಡಂ ಬಳಿ ಹೋದೆ. ಅವರು ಓದಿ, ಮಡಿಸಿ, ನನ್ನ ಕಡೆಗೇ ತಳ್ಳಿದರು. ಆಮೇಲೆ ಒಂದು ಮಾತು ಹೇಳಿದರು. ಆ ಮಾತು ಕೇಳಿದ ಮೇಲೆ ಅರ್ಜಿ ಕೊಡಲು ನನ್ನಿಂದ ಆಗಲಿಲ್ಲ. ಅದೇನೆಂದು ಇಲ್ಲಿ ಬರೆಯುವುದು ಕಷ್ಟ. ನೋಡೋಣ.

ಇನ್ನು ಈ ಗುರುವಾರದ ಸುದ್ದಿ. ಡಾಕ್ಟರು ಮತ್ತೆ ನೋಡಿದರು. ತೂತು ಅರ್ಧಕ್ಕಿಂತ ಹೆಚ್ಚು ಮುಚ್ಚಿದೆ, ತಾನಾಗಿಯೇ ಪೂರ್ತಿ ಮುಚ್ಚಬಹುದು, ಆಪರೇಷನ್ ಮಾತು ಸದ್ಯಕ್ಕೆ ಬೇಡ ಅಂದರು. ಕಿವಿಗೆ ನೀರು ತಾಗಬಾರದು, ನೆಗಡಿಯಾದರೆ ತಕ್ಷಣ ತೋರಿಸಬೇಕು. ನಾನು ಗೋಡೆಗೆ ಮುಖ ಮಾಡಿ ನಿಂತು ಮತ್ತೆ ಪರೀಕ್ಷೆ ಮಾಡಿಸಿದೆವು. ಬಲಗಿವಿಗೂ ಬಿಲ್ಲೆ ಬಿತ್ತು. ಎಡಗಿವಿಯಷ್ಟಲ್ಲ, ಆದರೆ ಬಿತ್ತು. ಚೂಟಿ ಹೊರಗೆ ಬಂದು 'ಈ ಸಲ ಕಾಪಿ ಹೊಡೀಲಿಲ್ಲ' ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಈಗ ಕೇಳುತ್ತಿದ್ದೇನೆ. ದುಡ್ಡು ಕಳಿಸು. ಭಿಕ್ಷೆ ಎಂದೋ ಸೋಲು ಎಂದೋ ನಾನು ಇಟ್ಟುಕೊಂಡಿದ್ದ ಹೆಸರುಗಳನ್ನೆಲ್ಲ ಬಿಟ್ಟು ಕೇಳುತ್ತಿದ್ದೇನೆ. ಅವಳು ನಿನ್ನ ಮಗಳು, ಅವಳ ಅನ್ನದಲ್ಲಿ ನಿನ್ನ ಪಾಲು ಇರಬೇಕು. ಅದನ್ನು ತಡೆಯಲು ನಾನು ಯಾರು? ಮೆಡಿಕಲ್ ಅಂಗಡಿಯ ಕೆಲಸ ಈ ತಿಂಗಳಿಗೆ ಮುಗಿಸುತ್ತೇನೆ. ಸಂಜೆ ಮಗು ಮನೆಯಲ್ಲಿರಬೇಕು, ನಾನು ಅವಳ ಜೊತೆ ಇರಬೇಕು. ಕೆಲಸ ಸಿಕ್ಕ ಮೇಲೆ ಇಬ್ಬರೂ ಸಮ ಹಾಕೋಣ. ರಜಾದಲ್ಲಿ ಅವಳನ್ನು ನಿನ್ನ ಹತ್ತಿರ ಕಳಿಸುತ್ತೇನೆ. ಅಮ್ಮ ನದಿಯ ಮೇಲೆ ದಾರಿ ಹಾಕುತ್ತಿದ್ದಾಳೆ ಎಂದು ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ಆ ದಾರಿಯನ್ನು ಅವಳಿಗೆ ತೋರಿಸು. ನೀರಿಗೆ ಇಳಿಸಬೇಡ. ಮಾತಾಡುವಾಗ ಸ್ವಲ್ಪ ದಿನ ಅವಳ ಎಡಗಡೆ ಕೂತುಕೋ.

ನಿನಗೆ ಸಿಟ್ಟು ಬಂದರೆ ನ್ಯಾಯ. ಮಗುವನ್ನು ನಿನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ ಎಂದರೂ ನಾನು ಜಗಳ ಆಡುವುದಿಲ್ಲ. ಅಳುತ್ತೇನೆ, ಅಷ್ಟೇ. ನನ್ನನ್ನು ಕ್ಷಮಿಸು ಎಂದು ಬರೆಯಲು ಹೊರಟು ಮೂರು ಸಲ ಹೊಡೆದುಹಾಕಿದೆ. ನೀನು ಕ್ಷಮಿಸಿದರೂ ಆ ಬಸ್ಸಿನಲ್ಲಿ ನಾನು ಕೂಗಿದ ಮಾತು ಅವಳ ಒಳ್ಳೆಯ ಕಿವಿಯಲ್ಲಿ ಇದ್ದೇ ಇರುತ್ತದೆ.

ಇಷ್ಟನ್ನು ಓದಿದ್ದಕ್ಕೆ ಋಣಿ,
ನಿನ್ನವನು ಎಂದು ಬರೆಯಲು ಮುಖವಿಲ್ಲದ,
ಚೂಟಿಯ ಅಪ್ಪ

ತಾ.ಕ.: ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿದೆ. ಮೇಡಂ ಹೇಳಿದ ಮಾತನ್ನು ಬರೆಯದೆ ಕಳಿಸಿದರೆ ಇದೂ ಇನ್ನೊಂದು ಸುಳ್ಳೇ ಆಗುತ್ತದೆ. ಡಬ್ಬಿಯ ಕಾರಣ ನಿಜ, ಆದರೆ ಅದು ಚೂಟಿ ನನಗೆ ಹೇಳಿದ ಕಾರಣ. ಅವತ್ತು ನನ್ನನ್ನು ಹೊರಗೆ ಕಳಿಸಿ ಮೇಡಂ ಕೇಳಿದಾಗ ಅವಳು ಬೇರೆಯೇ ಹೇಳಿದ್ದಾಳೆ, ಅಪ್ಪನಿಗೆ ಹೇಳಬೇಡಿ ಎಂದು ಆಣೆಯನ್ನೂ ಹಾಕಿಸಿಕೊಂಡಿದ್ದಾಳೆ. ನಾನು ಅರ್ಜಿ ತಂದದ್ದರಿಂದ ಅವರು ಆಣೆ ಮುರಿದರು. ನೀನು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದ ಸಂಜೆ, ಬಾಗಿಲಲ್ಲಿ ನಿಂತು ನಾನು, 'ಓದು ಮುಗಿಸಿ ಸಂಬಳ ತರೋವರೆಗೂ ನಾನು ನಿನ್ನ ಜೊತೆ ಒಂದೇ ಮನೇಲಿ ಇರಲ್ಲ' ಅಂದಿದ್ದೆನಲ್ಲ, ಅದನ್ನು ಅವಳು ಕೇಳಿಸಿಕೊಂಡಿದ್ದಾಳೆ. ಮೇಡಂಗೆ ಹೇಳಿದ್ದು ಇಷ್ಟು: 'ಕಿವಿ ನೋವು ಅಂದ್ರೆ ದುಡ್ಡು ಖರ್ಚಾಗತ್ತೆ. ದುಡ್ಡು ಖರ್ಚಾದ್ರೆ ಅಪ್ಪ ಓದೋದು ಬಿಟ್ಬಿಡ್ತಾನೆ. ಅಪ್ಪನ ಓದು ಮುಗೀಲಿಲ್ಲ ಅಂದ್ರೆ ಅಮ್ಮ ವಾಪಸ್ ಬರಕ್ಕೆ ಆಗಲ್ಲ.' ಹಾಗಲ್ಲಮ್ಮಾ ಎಂದು ಅವಳಿಗೆ ಹೇಳಲು ನಾನು ದಿನಾ ಬಾಯಿ ತೆರೆಯುತ್ತೇನೆ, ಮಾತು ಹೊರಡುವುದಿಲ್ಲ. ನೀನು ಒಮ್ಮೆ ಬಾ. ಹೌದೋ ಅಲ್ಲವೋ, ಏನು ಹೇಳಬೇಕೆಂದರೂ ಅವಳಿಗೆ ಇಬ್ಬರೂ ಕೂತು ಹೇಳೋಣ.